ಊರ ಹೆಸರು ಹೊತ್ತ ಹಣ: ಅಮೆರಿಕದ ಸಣ್ಣ ಊರುಗಳ ಬ್ಯಾಂಕ್ ನೋಟುಗಳ ಸಂಗ್ರಹ ಮತ್ತು ಅಧ್ಯಯನ

ಹಣಕ್ಕೆ ಊರಿಲ್ಲ ಎಂಬುದು ಇಂದಿನ ಸಾಮಾನ್ಯ ಅನುಭವ. ಕಲಬುರ್ಗಿಯ ಸಂತೆಯಲ್ಲಿ ಕೈಗೆ ಬಂದ ನೂರು ರೂಪಾಯಿಯ ನೋಟು ಮರುದಿನ ಮುಂಬಯಿಯ ದಾದರಿನಲ್ಲಿ ಕೈ ಬದಲಾಯಿಸುತ್ತದೆ. ಅದು ಎಲ್ಲಿಂದ ಬಂದಿತೆಂದು ಯಾರೂ ಕೇಳುವುದಿಲ್ಲ, ನೋಟು ತಾನಾಗಿ ಹೇಳುವುದೂ ಇಲ್ಲ. ಅದರ ಭಾಷಾಫಲಕದ ಹದಿನೈದು ಭಾಷೆಗಳ ನಡುವೆ ಕನ್ನಡದ ಒಂದು ಸಾಲಿದೆಯಾದರೂ ಅದು ಭಾಷೆಯ ಗುರುತೇ ಹೊರತು ಸ್ಥಳದ ಗುರುತಲ್ಲ. ಕಾಗದದ ಹಣದ ಚರಿತ್ರೆಯಲ್ಲಿ ಇದಕ್ಕೆ ತೀರ ವಿರುದ್ಧವಾದ ಒಂದು ಅಧ್ಯಾಯವಿದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೧೮೬೩ರಿಂದ ೧೯೩೫ರವರೆಗೆ, ಕೆಲವೇ ನೂರು ಮನೆಗಳಿದ್ದ ಊರಿನ ಬ್ಯಾಂಕು ಕೂಡ ತನ್ನ ಹೆಸರು, ತನ್ನ ಊರಿನ ಹೆಸರು, ತನ್ನ ಅಧಿಕಾರಿಗಳ ಸಹಿಗಳನ್ನು ಹೊತ್ತ ನೋಟುಗಳನ್ನು ದೇಶದಾದ್ಯಂತ ಚಲಾವಣೆಗೆ ಬಿಡಬಹುದಾಗಿತ್ತು. ಹನ್ನೆರಡು ಸಾವಿರಕ್ಕೂ ಹೆಚ್ಚು ಬ್ಯಾಂಕುಗಳು ಹೀಗೆ ನೋಟು ಹೊರಡಿಸಿದವು. ಅವುಗಳಲ್ಲಿ ಉಳಿದುಬಂದವನ್ನು ಹುಡುಕಿ ಕೂಡಿಡುವುದು ಆ ದೇಶದಲ್ಲಿ ಒಂದು ಪ್ರೌಢ ಹವ್ಯಾಸವಾಗಿ ಬೆಳೆದಿದೆ. ಹವ್ಯಾಸದ ಬೆನ್ನಿಗೆ ಒಂದು ಅಧ್ಯಯನ ಪದ್ಧತಿಯೂ ರೂಪುಗೊಂಡಿದೆ. ಶಾಸನ, ಕೈಫಿಯತ್ತು, ಓಲೆಗರಿಗಳನ್ನು ಆಕರವಾಗಿ ಬಳಸುವ ಕನ್ನಡದ ವಿದ್ಯಾರ್ಥಿಗೆ ಈ ಪದ್ಧತಿಯಲ್ಲಿ ಪರಿಚಿತವಾದುದು ಬಹಳವಿದೆ.

ಈ ನೋಟುಗಳ ಹುಟ್ಟಿಗೆ ಕಾರಣವಾದುದು ಅಂತರ್ಯುದ್ಧ. ಅದಕ್ಕೆ ಮುನ್ನ ಆಯಾ ಸಂಸ್ಥಾನಗಳ ಅನುಮತಿ ಪಡೆದ ಸುಮಾರು ೧೬೦೦ ಬ್ಯಾಂಕುಗಳು ತಮಗೆ ತೋಚಿದ ವಿನ್ಯಾಸದಲ್ಲಿ ನೋಟು ಅಚ್ಚು ಹಾಕಿಸುತ್ತಿದ್ದವು. ಸುಮಾರು ೭೦೦೦ ಬಗೆಯ ಸಾಚಾ ನೋಟುಗಳೂ ಅವಕ್ಕೆ ಸರಿಗಟ್ಟುವಷ್ಟು ಖೋಟಾ ನೋಟುಗಳೂ ಪೇಟೆಯಲ್ಲಿದ್ದವು. ಯಾವ ಬ್ಯಾಂಕಿನ ನೋಟಿಗೆ ಎಷ್ಟು ವಟ್ಟ ಹಿಡಿಯಬೇಕು, ಯಾವ ಬ್ಯಾಂಕು ಮುಳುಗಿದೆ ಎಂಬುದನ್ನು ತಿಳಿಸಲೆಂದೇ ಪತ್ರಿಕೆಗಳಿದ್ದವು. ವ್ಯಾಪಾರಿ ಅವನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಇಟ್ಟುಕೊಂಡು ಗಿರಾಕಿಯೊಡನೆ ವ್ಯವಹರಿಸಬೇಕಾಗಿತ್ತು. ೧೮೬೩ರ ಫೆಬ್ರವರಿ ೨೫ರಂದು, ಖಜಾನೆಯ ಕಾರ್ಯದರ್ಶಿ ಸಾಲ್ಮನ್ ಚೇಸ್ ಅವರ ಆಗ್ರಹದ ಫಲವಾಗಿ, ಹೊಸ ಕಾಯಿದೆ ಬಂದಿತು. ೧೮೬೪ರ ಜೂನ್‌ನಲ್ಲಿ ಅದನ್ನು ತಿದ್ದಿ ಬರೆಯಲಾಯಿತು. ಇದರಂತೆ ಬ್ಯಾಂಕು ವಾಷಿಂಗ್ಟನ್ನಿನಿಂದ ಒಂದು ಸನ್ನದನ್ನು ಪಡೆದು, ಕೇಂದ್ರ ಸರಕಾರದ ಸಾಲಪತ್ರಗಳನ್ನು ಕೊಂಡು ಖಜಾನೆಯಲ್ಲಿ ಅಡವಿಡಬೇಕು. ಆ ಸಾಲಪತ್ರಗಳ ಮೌಲ್ಯದ ನೂರಕ್ಕೆ ತೊಂಬತ್ತರಷ್ಟು ಮೊತ್ತಕ್ಕೆ ಸರಕಾರವೇ ನೋಟು ಮುದ್ರಿಸಿ ಬ್ಯಾಂಕಿಗೆ ಕಳುಹಿಸುತ್ತಿತ್ತು. ಯುದ್ಧದ ಖರ್ಚಿಗೆ ಸಾಲ ಹುಟ್ಟುವುದು, ಪೇಟೆಗೆ ನಂಬಬಹುದಾದ ಹಣ ದೊರೆಯುವುದು ಎರಡೂ ಒಂದೇ ಏಟಿಗೆ ಸಾಧಿಸಿದವು. ಹಳೆಯ ಸಂಸ್ಥಾನ ಬ್ಯಾಂಕುಗಳ ನೋಟುಗಳ ಮೇಲೆ ೧೮೬೫ರ ಕಾಯಿದೆ ಶೇಕಡ ೧೦ರ ತೆರಿಗೆ ಹೇರಿತು. ಅದು ಜಾರಿಯಾದ ೧೮೬೬ರಿಂದ ಅವು ತಾವಾಗಿ ಮರೆಯಾದವು.

ಮೊದಲನೆಯ ಸನ್ನದು ಫಿಲಡೆಲ್ಫಿಯಾ ನಗರದ ಬ್ಯಾಂಕಿನದು. ಆದರೆ ಮೊದಲು ಬಾಗಿಲು ತೆರೆದದ್ದು ೧೮೬೩ರ ಜೂನ್ ೨೯ರಂದು ಅಯೋವಾದ ಡಾವೆನ್‌ಪೋರ್ಟಿನ ಬ್ಯಾಂಕು. ಮಹಾನಗರವನ್ನು ನದಿದಂಡೆಯ ಊರೊಂದು ಹಿಂದೆ ಹಾಕಿದ ಈ ಘಟನೆ ಮುಂದಿನ ಚರಿತ್ರೆಗೆ ಸೂಚಕವಾಗಿಯೇ ಇದೆ. ಸಣ್ಣ ಊರುಗಳ ನಿಜವಾದ ಸರದಿ ಬಂದದ್ದು ೧೯೦೦ರ ಮಾರ್ಚಿಯಲ್ಲಿ. ಅಲ್ಲಿಯವರೆಗೆ ಕನಿಷ್ಠ ೫೦,೦೦೦ ಡಾಲರಿನ ಬಂಡವಾಳ ಬೇಕಾಗಿತ್ತು. ೩೦೦೦ಕ್ಕಿಂತ ಹೆಚ್ಚು ಜನಸಂಖ್ಯೆಯಿಲ್ಲದ ಊರುಗಳಿಗೆ ಅದನ್ನು ೨೫,೦೦೦ಕ್ಕೆ ಇಳಿಸಲಾಯಿತು. ಅಡವಿಟ್ಟ ಸಾಲಪತ್ರಗಳ ಪೂರ್ತಿ ಮುಖಬೆಲೆಗೆ ನೋಟು ಪಡೆಯುವ ಹಕ್ಕೂ ದೊರೆಯಿತು. ಧಾನ್ಯದ ಕಣಜ, ರೈಲುನಿಲ್ದಾಣ, ಒಂದು ಇಗರ್ಜಿ ಇದ್ದ ಊರುಗಳಲ್ಲೆಲ್ಲ ಬ್ಯಾಂಕುಗಳು ತಲೆಯೆತ್ತಿದವು. ೧೯೩೫ರ ಹೊತ್ತಿಗೆ ನೀಡಿದ ಸನ್ನದುಗಳ ಸಂಖ್ಯೆ ಹದಿನಾಲ್ಕು ಸಾವಿರವನ್ನು ದಾಟಿತ್ತು.

ಈಗ ನೋಟನ್ನು ಓದುವ ಬಗೆ. ದಾನಶಾಸನವೊಂದರಲ್ಲಿ ಅರಸನ ಹೆಸರು, ದತ್ತಿ ಪಡೆದ ಊರು, ತಿಥಿ, ಸಾಕ್ಷಿಗಳು, ಬರೆದವನ ಅಂಕಿತ ಮತ್ತು ಕೊನೆಗೆ ಶಾಪಾಶಯ ಇರುವಂತೆ ಈ ನೋಟಿನಲ್ಲಿಯೂ ಒಂದು ನಿಯತವಾದ ಕ್ರಮವಿದೆ. ಮೇಲ್ಗಡೆ ಇದು ರಾಷ್ಟ್ರೀಯ ಹಣವೆಂಬ ಘೋಷಣೆ ಮತ್ತು ವಾಷಿಂಗ್ಟನ್ನಿನಲ್ಲಿ ಅಡವಾಗಿರುವ ಸಾಲಪತ್ರಗಳ ಉಲ್ಲೇಖ. ಖಜಾನೆಯ ಇಬ್ಬರು ಅಧಿಕಾರಿಗಳ ಅಚ್ಚಾದ ಸಹಿ. ನಡುವೆ ದಪ್ಪಕ್ಷರದಲ್ಲಿ ಬ್ಯಾಂಕಿನ ಹೆಸರು, ಊರು, ಸಂಸ್ಥಾನ. ಕೆಳಗೆ ಎಡಕ್ಕೆ ಕ್ಯಾಶಿಯರ್, ಬಲಕ್ಕೆ ಅಧ್ಯಕ್ಷ. ಮೊದಲ ಕಾಲಘಟ್ಟದ ನೋಟುಗಳ ಹಿಂಬದಿಯಲ್ಲಿ ಖೋಟಾ ಮಾಡಿದವರಿಗೆ ವಿಧಿಸುವ ಶಿಕ್ಷೆಯ ಎಚ್ಚರಿಕೆಯೂ ಇದ್ದಿತು. ಶಿಲಾಶಾಸನದ ಶಾಪ ಪರಲೋಕದ ಭಯವನ್ನು ತೋರಿಸಿದರೆ ಇಲ್ಲಿ ಸೆರೆಮನೆ ಇದೆ ಎಂಬುದಷ್ಟೆ ವ್ಯತ್ಯಾಸ. ಹಿಂಬದಿಯ ಚಿತ್ರಗಳು ದೇಶದ ಚರಿತ್ರೆಯವು. ಐದು ಡಾಲರಿನ ಮೇಲೆ ಕೊಲಂಬಸನು ದಡ ಸೇರಿದ್ದು, ಹತ್ತರ ಮೇಲೆ ಡಿ ಸೋಟೊ ಮಿಸ್ಸಿಸಿಪ್ಪಿ ನದಿಯನ್ನು ಕಂಡದ್ದು, ಇಪ್ಪತ್ತರ ಮೇಲೆ ಪೊಕಾಹೊಂಟಸಳ ದೀಕ್ಷಾಸ್ನಾನ, ನೂರರ ಮೇಲೆ ಸ್ವಾತಂತ್ರ್ಯ ಘೋಷಣೆ. ವಾಷಿಂಗ್ಟನ್ನಿನ ಸಂಸತ್ ಭವನದ ವೃತ್ತಾಲಯದಲ್ಲಿರುವ ತೈಲಚಿತ್ರಗಳೇ ಇವಕ್ಕೆ ಮೂಲ. ಆ ಭವನವನ್ನು ಎಂದೂ ಕಾಣದ ರೈತನ ಕೈಗೆ ಆ ಚಿತ್ರಗಳು ತಲುಪಿದ್ದು ಹೀಗೆ. ಚಿತ್ರದ ಎಡಬದಿಗೆ ಬ್ಯಾಂಕಿದ್ದ ಸಂಸ್ಥಾನದ ಲಾಂಛನ.

ಸಹಿಗಳ ವಿಷಯದಲ್ಲಿ ತುಸು ನಿಲ್ಲಬೇಕು. ಕ್ಯಾಶಿಯರ್ ಎಂದೊಡನೆ ಭಾರತೀಯ ಓದುಗನಿಗೆ ಕಿಟಕಿಯ ಹಿಂದೆ ಕುಳಿತು ಹಣ ಎಣಿಸುವವನು ನೆನಪಾಗುತ್ತಾನೆ. ಅಮೆರಿಕದ ಸಣ್ಣ ಬ್ಯಾಂಕಿನಲ್ಲಿ ಕ್ಯಾಶಿಯರ್ ಎಂದರೆ ನಿತ್ಯದ ಆಡಳಿತವನ್ನೆಲ್ಲ ನಡೆಸುವ ಮುಖ್ಯಾಧಿಕಾರಿ. ಅಧ್ಯಕ್ಷನು ಬಹುಮಟ್ಟಿಗೆ ಊರಿನ ದೊಡ್ಡ ಜಮೀನುದಾರನೋ ಗಿರಣಿಯ ಒಡೆಯನೋ ಆಗಿರುತ್ತಿದ್ದನು. ವಾಷಿಂಗ್ಟನ್ನಿನಿಂದ ನೋಟುಗಳು ನಾಲ್ಕು ನಾಲ್ಕರ ಹಾಳೆಗಳಾಗಿ ಬರುತ್ತಿದ್ದವು. ಇವರಿಬ್ಬರೂ ಲೇಖನಿಯಿಂದ ಸಹಿ ಹಾಕಿ, ಕತ್ತರಿಯಿಂದ ಕತ್ತರಿಸಿದ ಮೇಲೆಯೇ ಕಾಗದ ಹಣವಾಗುತ್ತಿತ್ತು. ಅಂಚುಗಳು ಓರೆಕೋರೆಯಾಗಿರುವುದಕ್ಕೆ ಕಾರಣ ಇದೇ. ಸಹಿಯ ಬೇಸರ ಹೆಚ್ಚಿದಂತೆ ಕೆಲವರು ರಬ್ಬರ್ ಮೊಹರು ಬಳಸಿದರು. ಅದರ ಮಸಿ ಕಾಲಾಂತರದಲ್ಲಿ ಮಾಸಿತು. ಅಲ್ಲಲ್ಲಿ ಹೆಂಗಸರ ಸಹಿಗಳೂ ಸಿಗುತ್ತವೆ. ಸಂಯುಕ್ತ ಸಂಸ್ಥಾನಗಳ ಸ್ತ್ರೀಯರಿಗೆ ರಾಷ್ಟ್ರಮಟ್ಟದಲ್ಲಿ ಮತಾಧಿಕಾರ ದೊರೆತದ್ದು ೧೯೨೦ರಲ್ಲಿ. ಅದಕ್ಕೂ ಮುಂಚೆ ಬ್ಯಾಂಕಿನ ಅಧಿಕಾರಿಯಾಗಿ ಹಣಕ್ಕೆ ಅಂಕಿತ ಹಾಕಿದ ಸ್ತ್ರೀಯರಿದ್ದರೆಂಬುದಕ್ಕೆ ಈ ನೋಟುಗಳೇ ಪ್ರತ್ಯಕ್ಷ ಪ್ರಮಾಣ.

ಸ್ಥಳನಾಮ ಅಧ್ಯಯನದ ದೃಷ್ಟಿಯಿಂದಲೂ ಇವು ಶ್ರೀಮಂತವಾದ ಆಕರ. ಡಕೋಟಾ ೧೮೮೯ರಲ್ಲಿ ಉತ್ತರ, ದಕ್ಷಿಣ ಎಂದು ಒಡೆದು ಎರಡು ಸಂಸ್ಥಾನಗಳಾಯಿತು. ಅದಕ್ಕೆ ಹಿಂದಿನ ಡೆಡ್‌ವುಡ್ಡಿನ ನೋಟಿನ ಮೇಲೆ ಇರುವುದು ಡಕೋಟಾ ಪ್ರಾಂತ. ಓಕ್ಲಹೋಮ ಸಂಸ್ಥಾನದಲ್ಲಿ ೧೯೦೭ರಲ್ಲಿ ಕರಗಿಹೋದ ಇಂಡಿಯನ್ ಪ್ರಾಂತದ ಹೆಸರು ಅಲ್ಲಿನ ಬ್ಯಾಂಕುಗಳ ಮೊದಲ ನೋಟುಗಳಲ್ಲಿ ಉಳಿದಿದೆ. ಪುಯೆರ್ಟೊ ರಿಕೊ ದ್ವೀಪದ ನೋಟಿನಲ್ಲಿ ಅಮೆರಿಕನ್ನರ ಬಾಯಲ್ಲಿ ತಿರುಚಿದ ಪೋರ್ಟೊ ರಿಕೊ ಎಂಬ ರೂಪವಿದೆ. ಬ್ಯಾಂಕುಗಳ ಹೆಸರುಗಳು ಊರಿನ ಕಸುಬನ್ನು ಸಾರುತ್ತವೆ: ಪಾಟ್ಸ್‌ವಿಲ್ಲಿಯಲ್ಲಿ ಗಣಿಕಾರರ ಬ್ಯಾಂಕು, ಶೆಯೆನ್ನಿನಲ್ಲಿ ದನಗಾಹಿಗಳ ಬ್ಯಾಂಕು, ಮೆನಾಮಿನಿಯಲ್ಲಿ ಮರ ಕಡಿಯುವವರ ಬ್ಯಾಂಕು. ಜರ್ಮನ್ ಎಂಬ ಹೆಸರು ಹೊತ್ತಿದ್ದ ಹಲವು ಬ್ಯಾಂಕುಗಳು ೧೯೧೭–೧೮ರ ಯುದ್ಧಕಾಲದಲ್ಲಿ ಅದನ್ನು ಕಳಚಿ ಬೇರೆ ಹೆಸರನ್ನು ತಳೆದವು. ಸನ್ನದಿನ ಸಂಖ್ಯೆ ಮಾತ್ರ ಅದೇ. ೧೮೭೪ರ ಕಾಯಿದೆಯ ತರುವಾಯ ಆ ಸಂಖ್ಯೆಯನ್ನು ನೋಟಿನ ಮೇಲೆಯೇ ಮುದ್ರಿಸುತ್ತಿದ್ದುದರಿಂದ, ಹೆಸರು ಬದಲಾದರೂ ಬ್ಯಾಂಕು ಒಂದೇ ಎಂದು ಗುರುತಿಸುವುದು ಸುಲಭ.

ಆ ಸಂಖ್ಯೆ ಬಂದದ್ದು ಸಂಗ್ರಾಹಕರ ಅನುಕೂಲಕ್ಕಲ್ಲ. ಸವೆದ ನೋಟುಗಳು ವಾಷಿಂಗ್ಟನ್ನಿಗೆ ಹಿಂದಿರುಗಿದಾಗ ಗುಮಾಸ್ತರು ಅವನ್ನು ಬ್ಯಾಂಕುವಾರು ವಿಂಗಡಿಸಿ ಆಯಾ ಬ್ಯಾಂಕಿನ ಲೆಕ್ಕಕ್ಕೆ ಹಾಕಬೇಕಾಗಿತ್ತು. ಇದಕ್ಕಾಗಿಯೇ ಪ್ರತಿ ಬ್ಯಾಂಕು ತನ್ನ ಚಲಾವಣೆಯ ಶೇಕಡ ೫ರಷ್ಟನ್ನು ಖಜಾನೆಯಲ್ಲಿ ಇಟ್ಟಿರಬೇಕೆಂದು ಅದೇ ಕಾಯಿದೆ ವಿಧಿಸಿತ್ತು. ಕೊಳೆತು ಜೀರ್ಣವಾದ ಕಾಗದದ ರಾಶಿಯಲ್ಲಿ ಊರಿನ ಹೆಸರು ಹುಡುಕುವ ಕಷ್ಟವನ್ನು ತಗ್ಗಿಸಲು ೧೯೦೨ರಿಂದ ೧೯೨೪ರವರೆಗೆ ಪ್ರದೇಶವನ್ನು ಸೂಚಿಸುವ ಒಂದೊಂದು ಅಕ್ಷರವನ್ನೂ ಸೇರಿಸುತ್ತಿದ್ದರು. ಗುಮಾಸ್ತರ ಕಣ್ಣಿನ ಶ್ರಮ ತಪ್ಪಿಸಲು ಹಾಕಿದ ಗುರುತುಗಳು ನೂರು ವರ್ಷದ ಮೇಲೆ ವಿದ್ವಾಂಸನ ಸಾಧನಗಳಾದವು. ಹಸ್ತಪ್ರತಿಗಳ ಪುಟಸಂಖ್ಯೆಗೂ ಇದೇ ಯೋಗ ಬಂದಿದೆಯಲ್ಲವೇ!

ಸಂಗ್ರಾಹಕರು ಅಪರೂಪವೆಂಬ ಮಾತನ್ನು ಬಳಸುವುದು ಒಂದೇ ಅರ್ಥದಲ್ಲಿ ಅಲ್ಲ. ಮುಖಬೆಲೆಯಿಂದ ಬರುವ ಅಪರೂಪ ಒಂದು. ಒಂದು, ಎರಡು ಡಾಲರಿನ ನೋಟುಗಳು ೧೮೭೯ರ ತರುವಾಯ ನಿಂತುಹೋದವು. ಅವುಗಳಲ್ಲಿ ಎರಡು ಎಂಬ ದೊಡ್ಡ ಅಂಕಿ ಅಡ್ಡಲಾಗಿ ಮಲಗಿರುವ ನೋಟಿಗೆ ‘ಸೋಮಾರಿ ಎರಡು’ ಎಂಬ ಅಡ್ಡಹೆಸರೇ ಬಿದ್ದಿದೆ. ಸಾವಿರ ಡಾಲರಿನದು ಈವರೆಗೆ ಯಾವ ಸಂಗ್ರಹದಲ್ಲಿಯೂ ಕಾಣಿಸಿಕೊಂಡಿಲ್ಲ. ಸಂಸ್ಥಾನದಿಂದ ಬರುವ ಅಪರೂಪ ಇನ್ನೊಂದು: ಪೆನ್ಸಿಲ್ವೇನಿಯಾದಲ್ಲಿ ಬ್ಯಾಂಕುಗಳು ದಂಡಿಯಾಗಿದ್ದವು, ನೆವಾಡಾ, ಅರಿಜೋನಾ, ಅಲಾಸ್ಕಗಳಲ್ಲಿ ಬೆರಳೆಣಿಕೆಯಷ್ಟು. ಆದರೆ ಈ ಕ್ಷೇತ್ರದ ತಿರುಳು ಮೂರನೆಯದರಲ್ಲಿದೆ. ಒಂದೇ ಊರು, ಒಂದೇ ಬ್ಯಾಂಕು, ಕೆಲವೇ ವರ್ಷಗಳ ಬಾಳುವೆ. ಅದು ಪಡೆದ ಹಾಳೆಗಳೇ ಕೆಲವು ನೂರು. ಉಳಿದದ್ದು ಒಂದು ನೋಟು, ಅಥವಾ ಅದೂ ಇಲ್ಲ. ಅದೇ ವಿನ್ಯಾಸದ, ಅದೇ ಬೆಲೆಯ ಎರಡು ನೋಟುಗಳನ್ನು ಪಕ್ಕಪಕ್ಕದಲ್ಲಿಟ್ಟರೆ ನ್ಯೂಯಾರ್ಕಿನದು ಸಾಮಾನ್ಯ, ಪ್ರೇರಿ ಬಯಲಿನ ಹೆಸರಿಲ್ಲದ ಊರಿನದು ಅಮೂಲ್ಯ. ಊರು ಸಣ್ಣದಾದಷ್ಟೂ ನೋಟು ದೊಡ್ಡದು.

ಇಂಥ ನೋಟು ಒಂದೂ ಉಳಿದಿಲ್ಲವೆಂದು ಹೇಳಲು ಎಷ್ಟು ಹುಟ್ಟಿದ್ದವೆಂಬುದು ಗೊತ್ತಿರಬೇಕು. ಇಲ್ಲಿಯೇ ಹವ್ಯಾಸವು ವಿದ್ವತ್ತಾಗಿ ತಿರುಗಿದ್ದು. ಮೊದಲ ತಲೆಮಾರಿನ ಸಂಗ್ರಾಹಕರಿಗೆ ಊಹೆಯೇ ಆಧಾರವಾಗಿತ್ತು. ಡೆಟ್ರಾಯಿಟಿನ ಆಲ್ಬರ್ಟ್ ಗ್ರಿನ್ನೆಲ್ ಅವರ ಅಪಾರ ಸಂಗ್ರಹ ೧೯೪೪ರಿಂದ ೧೯೪೬ರವರೆಗೆ ಹಲವು ಹರಾಜುಗಳಲ್ಲಿ ಚದರಿಹೋದಾಗ ಅದರ ಪಟ್ಟಿಗಳೇ ಮುಂದಿನವರಿಗೆ ಕೈಪಿಡಿಯಾದವು. ೧೯೬೧ರಲ್ಲಿ ಕಾಗದದ ಹಣದ ಸಂಗ್ರಾಹಕರ ಸಂಘ ಹುಟ್ಟಿತು. ಅದರ ಬೆನ್ನಿಗೆ ಲೂಯಿ ವಾನ್ ಬೆಲ್ಕಮ್ ಅವರು ರಾಷ್ಟ್ರೀಯ ಪತ್ರಾಗಾರದಲ್ಲಿದ್ದ ಸರಕಾರಿ ಲೆಕ್ಕದ ಪುಸ್ತಕಗಳನ್ನು ಒಂದೊಂದಾಗಿ ನೋಡಿ, ಯಾವ ಬ್ಯಾಂಕಿಗೆ ಯಾವ ಬೆಲೆಯ ಎಷ್ಟು ಹಾಳೆಗಳು ಹೋದವೆಂದು ಬರೆದುಕೊಂಡರು. ಜಾನ್ ಹಿಕ್‌ಮನ್ ಮತ್ತು ಡೀನ್ ಓಕ್ಸ್ ಅವರ ಬೃಹತ್ ಸೂಚಿ, ಡಾನ್ ಕೆಲ್ಲಿಯವರ ಕೈಪಿಡಿ ೧೯೮೦ರ ದಶಕದ ಆರಂಭದಲ್ಲಿ ಹೊರಬಂದದ್ದು ಈ ತಳಹದಿಯ ಮೇಲೆ. ಉಳಿದ ನೋಟುಗಳ ಗಣತಿಯನ್ನು ಹಿಕ್‌ಮನ್, ಕೆಲ್ಲಿ ಇಬ್ಬರೂ ನಡೆಸಿದರು: ಹರಾಜಿನಲ್ಲಿ, ಪೆಟ್ಟಿಗೆಯಲ್ಲಿ, ಊರ ಗ್ರಂಥಾಲಯದ ಗೋಡೆಯ ಮೇಲೆ ಕಂಡ ಪ್ರತಿ ನೋಟಿನ ಕ್ರಮಸಂಖ್ಯೆಯನ್ನೂ ದಾಖಲಿಸುವ ಕೆಲಸ. ಹುಟ್ಟಿನ ಲೆಕ್ಕ ಒಂದು ಕಡೆ, ಉಳಿವಿನ ಲೆಕ್ಕ ಇನ್ನೊಂದು ಕಡೆ. ಇವುಗಳ ಜೊತೆಗೆ ಮುದ್ರಣಫಲಕಗಳಿಂದ ತೆಗೆದ ಕರಡಚ್ಚುಗಳು ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿವೆ. ಹಲವು ಬ್ಯಾಂಕುಗಳ ಮಟ್ಟಿಗೆ ನೋಟಿನ ರೂಪ ಹೇಗಿತ್ತೆಂದು ತಿಳಿಯಲು ಅವೇ ಗತಿ.

ಕನ್ನಡದ ಹಸ್ತಪ್ರತಿ ಶಾಸ್ತ್ರಕ್ಕೆ ಇಲ್ಲದ ಭಾಗ್ಯ ಇದು. ಒಂದು ಕಾವ್ಯದ ಐದು ಪ್ರತಿಗಳು ದೊರೆತಾಗ, ಒಟ್ಟು ಎಷ್ಟು ಪ್ರತಿಗಳಿದ್ದವು, ಯಾವ ಊರಿನಲ್ಲಿ ಎಷ್ಟು ನಷ್ಟವಾದವು ಎಂಬುದಕ್ಕೆ ಯಾವ ಲೆಕ್ಕವೂ ಇರುವುದಿಲ್ಲ. ಉಳಿದದ್ದನ್ನೇ ಇದ್ದದ್ದು ಎಂದು ಭ್ರಮಿಸುವ ಅಪಾಯ ಅಲ್ಲಿ ಸದಾ ಇದೆ. ನೋಟುಗಳ ಅಧ್ಯಯನದಲ್ಲಿ ಆ ಅಪಾಯದ ಪ್ರಮಾಣವನ್ನೇ ಅಳೆಯಬಹುದು. ಉಳಿವು ಹುಟ್ಟಿಗೆ ಅನುಪಾತದಲ್ಲಿಲ್ಲ ಎಂಬುದು ಅದರ ಮುಖ್ಯ ಪಾಠ. ಒಂದು ಉದಾಹರಣೆ ಸಾಕು. ಬ್ಯಾಂಕಿನ ಕ್ರಮಸಂಖ್ಯೆಯು ನೋಟನ್ನಲ್ಲ, ಹಾಳೆಯನ್ನು ಎಣಿಸುತ್ತಿತ್ತು. ಒಂದೇ ಹಾಳೆಯ ನಾಲ್ಕು ನೋಟುಗಳಿಗೆ ಒಂದೇ ಸಂಖ್ಯೆ, ಫಲಕದ ಅಕ್ಷರ ಮಾತ್ರ ಬೇರೆ. ಉಳಿದವುಗಳಲ್ಲಿ ಒಂದನೆಯ ಸಂಖ್ಯೆಯ ನೋಟುಗಳು ನಿರೀಕ್ಷೆಗಿಂತ ಎಷ್ಟೋ ಹೆಚ್ಚಾಗಿವೆ. ಬ್ಯಾಂಕು ತೆರೆದ ದಿನದ ನೆನಪಿಗೆ ಅಧ್ಯಕ್ಷನ ಮನೆಯವರು ಅವನ್ನು ಎತ್ತಿಟ್ಟುಕೊಂಡಿದ್ದೇ ಕಾರಣ. ಕೈಯಿಂದ ಕೈಗೆ ಓಡಾಡಿ ಊರಿನ ವ್ಯಾಪಾರ ನಡೆಸಿದ ನೋಟುಗಳು ಸವೆದು ಸುಟ್ಟುಹೋದವು. ಕೆಲಸ ಮಾಡದವು ಉಳಿದವು.

೧೯೨೯ರಲ್ಲಿ ನೋಟುಗಳ ಗಾತ್ರವನ್ನು ಕಿರಿದುಗೊಳಿಸಲಾಯಿತು. ಕಂದುಬಣ್ಣದ ಮೊಹರಿನ, ಸಹಿಗಳೂ ಅಚ್ಚಿನಲ್ಲೇ ಬಂದ ಈ ಕೊನೆಯ ಸಾಲಿನ ನೋಟುಗಳು ಕಲೆಯ ದೃಷ್ಟಿಯಿಂದ ಬಡವಾದವು. ಆದರೆ ಅವುಗಳ ಹಿಂದಿರುವ ಕಥೆ ಬಡವಲ್ಲ. ೧೯೩೦ರಿಂದ ೧೯೩೩ರೊಳಗೆ ಎಲ್ಲ ಬಗೆಯವೂ ಸೇರಿ ಸುಮಾರು ಒಂಬತ್ತು ಸಾವಿರ ಬ್ಯಾಂಕುಗಳು ಬಾಗಿಲು ಮುಚ್ಚಿದವು. ಠೇವಣಿಗಳಿಗೆ ಸರಕಾರದ ವಿಮೆ ಆರಂಭವಾದದ್ದು ೧೯೩೪ರಲ್ಲಿ. ಆದ್ದರಿಂದ ಅದಕ್ಕೆ ಮುನ್ನ ಮುಳುಗಿದ ಬ್ಯಾಂಕಿನಲ್ಲಿ ಠೇವಣಿ ಇಟ್ಟವನಿಗೆ ದಿವಾಳಿಯ ಲೆಕ್ಕ ತೀರಿದ ಮೇಲೆ ಕೈಗೆ ಬಂದಷ್ಟೇ ಬಂದೀತು. ನೋಟಿಗೆ ಮಾತ್ರ ಕುಂದಿಲ್ಲ: ಅದರ ಹಿಂದೆ ವಾಷಿಂಗ್ಟನ್ನಿನಲ್ಲಿ ಅಡವಾಗಿದ್ದ ಸಾಲಪತ್ರವಿತ್ತು. ಒಂದೇ ಬ್ಯಾಂಕಿನ ಮೇಲೆ ನಂಬಿಕೆ ಇಟ್ಟ ಇಬ್ಬರಲ್ಲಿ, ಬ್ಯಾಂಕಿನೊಳಗೆ ಹಣ ಇಟ್ಟವನು ಕಳೆದುಕೊಂಡನು. ಆ ಬ್ಯಾಂಕಿನ ಕಾಗದವನ್ನು ಹಾಸಿಗೆಯಡಿ ಮುಚ್ಚಿಟ್ಟವನು ಉಳಿದುಕೊಂಡನು. ಊರಿನ ಉಳಿತಾಯ ಕರಗಿಹೋದ ಬಳಿಕವೂ ಊರಿನ ಹೆಸರು ಹೊತ್ತ ನೋಟು ಬೇರೆ ಊರುಗಳಲ್ಲಿ ಪೂರ್ತಿ ಬೆಲೆಗೆ ನಡೆಯುತ್ತಲೇ ಇತ್ತು. ಇಂಥ ನೋಟನ್ನು ಕೇವಲ ಹರಾಜಿನ ಬೆಲೆಯಿಂದ ತೂಗುವ ಸಂಗ್ರಾಹಕನು ಅದರ ಅರ್ಧವನ್ನೂ ಕಂಡಿಲ್ಲವೆಂದೇ ಹೇಳಬೇಕು. ೧೯೩೫ರಲ್ಲಿ ಆಧಾರವಾಗಿದ್ದ ಸಾಲಪತ್ರಗಳನ್ನೇ ಸರಕಾರ ತೀರಿಸಿಬಿಟ್ಟಿತು, ವ್ಯವಸ್ಥೆ ಕೊನೆಗೊಂಡಿತು.

ಮಾರುಕಟ್ಟೆ ಬೆಳೆದಂತೆ ಕೇಡುಗಳೂ ಬೆಳೆದಿವೆ. ಮಾಸಿದ ಸಹಿಯ ಮೇಲೆ ಹೊಸ ಮಸಿ ತೀಡುವುದು, ನೋಟನ್ನು ತೊಳೆದು ಇಸ್ತ್ರಿ ಮಾಡಿ ಹೊಸದೆಂದು ತೋರಿಸುವುದು, ಹರಿದ ಅಂಚಿಗೆ ತೇಪೆ ಹಾಕುವುದು ನಡೆದೇ ಇವೆ. ಓಲೆಗರಿಯ ಹಾಳಾದ ಅಕ್ಷರವನ್ನು ಊಹೆಯಿಂದ ತುಂಬಿ, ಊಹೆಯೆಂದು ಹೇಳದೆ ಬಿಡುವ ಲಿಪಿಕಾರನ ಅಪರಾಧಕ್ಕೆ ಇದು ಸಮಾನ. ಸ್ಥಿತಿಗೆ ಅಂಕ ಕೊಟ್ಟು ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿಕೊಡುವ ಸಂಸ್ಥೆಗಳಿಂದ ಮೋಸ ತಕ್ಕಮಟ್ಟಿಗೆ ತಗ್ಗಿದೆ. ಆದರೆ ಅಂಕವನ್ನು ಕೊಳ್ಳುವವರು ಹೆಚ್ಚಿ ನೋಟನ್ನು ಓದುವವರು ಕಡಿಮೆಯಾಗುವ ಭಯವೂ ಇದೆ. ಇದಕ್ಕೆ ಎದುರಾಗಿ ಅಯೋವಾದ ಒಕೊಬೋಜಿ ಎಂಬ ಸರೋವರ ತೀರದ ಊರಿನಲ್ಲಿ ೧೯೭೮ರಲ್ಲಿ ಆರಂಭವಾದ ಹಿಗ್ಗಿನ್ಸ್ ವಸ್ತುಸಂಗ್ರಹಾಲಯವನ್ನು ಹೆಸರಿಸಬೇಕು. ಅಲ್ಲಿ ಅಯೋವಾದ ಊರುಗಳ ನೋಟುಗಳ ಜೊತೆಗೆ ಅವೇ ಊರುಗಳ ಹಳೆಯ ಚಿತ್ರ ಅಂಚೆಕಾರ್ಡುಗಳನ್ನೂ ಕೂಡಿಡಲಾಗಿದೆ. ನೋಟಿನ ಮೇಲಿನ ಹೆಸರಿಗೆ ಬೀದಿ, ಅಂಗಡಿ, ಜನ ಸಿಗುವುದು ಆಗ.

ಭಾರತದಲ್ಲಿ ಸಣ್ಣ ಊರಿನ ಬ್ಯಾಂಕು ನೋಟು ಹೊರಡಿಸುವ ಕಾಲ ಬರಲೇ ಇಲ್ಲ. ಬಂಗಾಳ, ಮುಂಬಯಿ, ಮದರಾಸಿನ ಪ್ರೆಸಿಡೆನ್ಸಿ ಬ್ಯಾಂಕುಗಳಿಗಿದ್ದ ಹಕ್ಕನ್ನೂ ೧೮೬೧ರ ಕಾಯಿದೆ ಸರಕಾರದ ಕೈಗೆ ತೆಗೆದುಕೊಂಡಿತು. ಆ ಮೇಲಿನ ಸರಕಾರಿ ನೋಟುಗಳಿಗೂ ಆರಂಭದಲ್ಲಿ ಒಂದು ಬಗೆಯ ಊರಿತ್ತು: ಮುಂಬಯಿ, ಮದರಾಸು, ಕಲ್ಲಿಕೋಟೆ, ಅಕೋಲ ಮೊದಲಾದ ವಲಯಗಳ ಹೆಸರು ಅವುಗಳ ಮೇಲಿತ್ತು, ಒಂದು ವಲಯದ ನೋಟನ್ನು ಇನ್ನೊಂದರಲ್ಲಿ ಒಪ್ಪಲೇಬೇಕೆಂಬ ಕಟ್ಟುಪಾಡು ಇರಲಿಲ್ಲ. ಹೈದರಾಬಾದು ಸಂಸ್ಥಾನ ೧೯೧೮ರಿಂದ ಹೊರಡಿಸಿದ ನೋಟುಗಳಲ್ಲಿ ಉರ್ದುವಿನ ಜೊತೆಗೆ ಕನ್ನಡ, ಮರಾಠಿ, ತೆಲುಗುಗಳಿಗೂ ಎಡೆ ದೊರೆತಿತ್ತು. ಆದರೆ ೧೯೦೬ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ ಬ್ಯಾಂಕುಗಳಿಗೆ ನೋಟಿನ ಹಕ್ಕು ಇರಲಿಲ್ಲ. ಕೆನರಾದಿಂದ ವಲಸೆ ಬಂದವರು ಮುಂಬಯಿಯಲ್ಲಿ ೧೯೦೬ರಲ್ಲಿ ಕಟ್ಟಿದ ಶಾಮರಾವ್ ವಿಠಲ ಸಹಕಾರಿ ಬ್ಯಾಂಕು, ೧೯೭೮ರಲ್ಲಿ ಆರಂಭವಾದ ಭಾರತ್ ಬ್ಯಾಂಕುಗಳ ಮಾತೂ ಅಷ್ಟೆ.

ಆದರೂ ಅವುಗಳ ಕಾಗದ ಇದ್ದೇ ಇದೆ: ಚೆಕ್ಕು, ಠೇವಣಿ ರಶೀದಿ, ಷೇರುಪತ್ರ, ಪಾಸ್‌ಬುಕ್ಕು. ಉಡುಪಿಯಲ್ಲಿ ೧೯೨೫ರಲ್ಲಿ ಸ್ಥಾಪಿತವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಮನೆಬಾಗಿಲಿಗೆ ಬಂದ ಏಜೆಂಟನ ಕೈಗೆ ದಿನವೂ ಎರಡಾಣೆ ಕೊಟ್ಟವರ ಲೆಕ್ಕ ಆ ಚೀಟಿಗಳಲ್ಲಿದೆ. ಮೈಸೂರು ಬ್ಯಾಂಕು ೨೦೧೭ರಲ್ಲಿ, ವಿಜಯಾ ಬ್ಯಾಂಕು ೨೦೧೯ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬ್ಯಾಂಕುಗಳು ೨೦೨೦ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನಗೊಂಡವು. ನಾಮಫಲಕಗಳು ಕೆಳಗಿಳಿದವು, ಹಳೆಯ ಚೆಕ್ಕುಪುಸ್ತಕಗಳು ರದ್ದಾದವು. ಅಮೆರಿಕದ ನೋಟು ಬ್ಯಾಂಕು ಮುಳುಗಿದ ಮೇಲೂ ಹಣವಾಗಿಯೇ ಇದ್ದುದರಿಂದ ಅದನ್ನು ಎತ್ತಿಡಲು ಒಬ್ಬನಿಗಾದರೂ ಕಾರಣವಿತ್ತು. ಲೆಕ್ಕ ಮುಗಿದ ಪಾಸ್‌ಬುಕ್ಕಿಗೆ ಆ ಬಲವಿಲ್ಲ. ಅದು ಹೋಗುವುದು ರದ್ದಿಯವನ ತಕ್ಕಡಿಗೆ. ಶಾಖೆಯ ಹೆಸರು, ತಾರೀಖು, ಖಾತೆದಾರರ ವೃತ್ತಿ, ಬಳಸಿದ ಲಿಪಿ, ಅಧಿಕಾರಿಯ ಸಹಿ, ಅಚ್ಚು ಹಾಕಿದ ಮುದ್ರಣಾಲಯ, ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದಿಡುವ ಕೆಲಸವನ್ನು ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬ ತನ್ನ ಮನೆಯ ಅಟ್ಟದಿಂದಲೇ ಆರಂಭಿಸಬಹುದು.